ಸರ್ ಡುಗಾಲ್ಡ್ ಕ್ಲರ್ಕ್

ಹತ್ತನೇ ತರಗತಿಯ ಬೋಧನಾಭ್ಯಾಸದಲ್ಲಿ, ಟೂ-ಸ್ಟ್ರೋಕ್ ಎಂಜಿನ್ ಗಾಳಿಯನ್ನು ತಾನೇ ಹೀರಿಕೊಳ್ಳುತ್ತದೆ ಎಂದುಬಿಟ್ಟೆ. ಹೀರುವ ಹೊಡೆತವೇ ಅದರಲ್ಲಿಲ್ಲವಲ್ಲ ಎಂದು ಮೀನುಗಾರರ ಮನೆಯ ಹುಡುಗ ಕೇಳಿದ. ನನಗೆ ಉತ್ತರ ತೋಚಲಿಲ್ಲ. ಅದು ಸಿಕ್ಕಿದ್ದು ಕ್ಲರ್ಕ್ ಅವರ ಜೀವನದಲ್ಲಿ.

1854ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಇವರು ರಸಾಯನಶಾಸ್ತ್ರ ಓದಿ ಎಂಜಿನ್‌ಗಳತ್ತ ತಿರುಗಿದರು. 1881ರಲ್ಲಿ ಪೇಟೆಂಟ್ ಪಡೆದ ಇವರ ಎಂಜಿನ್‌ನಲ್ಲಿ ಬೇರೊಂದು ಪಂಪ್ ಸಿಲಿಂಡರ್ ಗಾಳಿ-ಅನಿಲದ ಮಿಶ್ರಣವನ್ನು ಒಳನೂಕುತ್ತಿತ್ತು. ಆ ರಭಸಕ್ಕೆ ಉರಿದ ಹೊಗೆ ಹೊರಹೋಗುತ್ತಿತ್ತು. 1891ರಲ್ಲಿ ಜೋಸೆಫ್ ಡೇ ಆ ಕೆಲಸವನ್ನು ಕ್ರ್ಯಾಂಕ್‌ಕೇಸಿಗೇ ವಹಿಸಿದರು. ಸಣ್ಣ ದೋಣಿಗಳ ಎಂಜಿನ್ ಬಂದದ್ದು ಆ ದಾರಿಯಲ್ಲಿ. ದೊಡ್ಡ ಹಡಗುಗಳ ಟೂ-ಸ್ಟ್ರೋಕ್ ಡೀಸೆಲ್‌ಗೆ ಇಂದು ಟರ್ಬೋಚಾರ್ಜರ್ ಗಾಳಿ ಊದುತ್ತದೆ.

1917ರಲ್ಲಿ ಸರ್ ಪದವಿ ಪಡೆದ ಕ್ಲರ್ಕ್ 1932ರಲ್ಲಿ ತೀರಿಕೊಂಡರು. ಮರುದಿನ ತರಗತಿಯಲ್ಲಿ ತಪ್ಪೊಪ್ಪಿಕೊಂಡು, ಸೈಕಲ್ ಪಂಪು ಹಿಡಿದು ಪಾಠವನ್ನು ಮತ್ತೆ ಮಾಡಿದೆ.