ಮಾನವಿಯ ಶ್ರೀಜಗನ್ನಾಥದಾಸರು

ಭಾದ್ರಪದ ಶುದ್ಧ ನವಮಿಯು ಹರಿಕಥಾಮೃತಸಾರದ ಕರ್ತೃಗಳಾದ ಶ್ರೀಜಗನ್ನಾಥದಾಸರ ಆರಾಧನೆಯ ಪುಣ್ಯದಿನ. ಮನೆಮನೆಗಳಲ್ಲಿ ಸಾರದ ಪಾರಾಯಣ ನಡೆಯುವ ಈ ಸಂದರ್ಭದಲ್ಲಿ, ಆ ಮಹಾಗ್ರಂಥದ ಹುಟ್ಟಿಗೆ ಪೀಠಿಕೆಯಾದ ಪ್ರಸಂಗವನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ದಾಸರು ಕ್ರಿ.ಶ. 1728ರ ಕೀಲಕ ಸಂವತ್ಸರದಲ್ಲಿ, ಇಂದಿನ ರಾಯಚೂರು ಜಿಲ್ಲೆಯ ಮಾನವಿಗೆ ಸಮೀಪದ ಬ್ಯಾಗವಟ್ಟಿಯಲ್ಲಿ ಅವತರಿಸಿದರು. ಪೂರ್ವದ ಹೆಸರು ಶ್ರೀನಿವಾಸ. ತರುಣ ವಯಸ್ಸಿನಲ್ಲಿಯೇ ಶಾಸ್ತ್ರಗಳಲ್ಲಿ ಪಾರಂಗತರಾಗಿ, ಶ್ರೀನಿವಾಸಾಚಾರ್ಯರೆಂದು ವಿದ್ವತ್ಸಭೆಗಳಲ್ಲಿ ಮನ್ನಣೆ ಪಡೆದಿದ್ದರು.

ಆ ಕಾಲದಲ್ಲಿ ಚೀಕಲಪರವಿಯ ಶ್ರೀವಿಜಯದಾಸರು ಮಾನವಿಗೆ ಬಿಜಯಮಾಡಿ, ಆಚಾರ್ಯರನ್ನು ತೀರ್ಥಪ್ರಸಾದಕ್ಕೆ ಆಹ್ವಾನಿಸಿದರು. ತಂಬೂರಿ ಹಿಡಿದು ಕನ್ನಡದಲ್ಲಿ ಪದ ಹಾಡುವವರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಆಚಾರ್ಯರಿಗೆ ಮನಸ್ಸಾಗಲಿಲ್ಲ. ಉದರಶೂಲೆಯೆಂದು ನೆಪ ಹೇಳಿ ತಪ್ಪಿಸಿಕೊಂಡರು.

ಇದನ್ನು ಬರಿಯ ಅಹಂಕಾರವೆಂದು ಹೇಳಿ ಮುಗಿಸುವುದುಂಟು. ನಮಗೆ ಅಷ್ಟೇ ಎಂದು ತೋರುವುದಿಲ್ಲ. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಒಪ್ಪುವ ನಮ್ಮ ಸಿದ್ಧಾಂತದಲ್ಲಿ, ಅತೀಂದ್ರಿಯ ವಿಷಯದಲ್ಲಿ ಕೇವಲ ಅನುಮಾನಕ್ಕೆ ಸ್ವತಂತ್ರವಾದ ಪ್ರವೇಶವಿಲ್ಲ. ಇದನ್ನು ಆಚಾರ್ಯರು ಬಲ್ಲವರೇ. ಆದರೂ ವೇಷವನ್ನು ಕಂಡು, ಭಾಷೆಯನ್ನು ಕೇಳಿ, ಒಬ್ಬ ಜೀವನ ಯೋಗ್ಯತೆಯನ್ನು ಊಹಿಸಿಬಿಟ್ಟರು. ಶಾಸ್ತ್ರದಲ್ಲಿ ಓದಿದ ತಾರತಮ್ಯವು ಊರ ಬೀದಿಯಲ್ಲಿ ಎದುರಾದಾಗ ಗುರುತು ಸಿಗಲಿಲ್ಲ.

ನೆಪವಾಗಿ ಹೇಳಿದ ಶೂಲೆ ನಿಜವಾಯಿತು. ಔಷಧೋಪಚಾರಗಳು ವ್ಯರ್ಥವಾದವು, ಅನ್ನ ಸೇರದಾಯಿತು. ಮಾನುಷ ಪ್ರಯತ್ನ ಮುಗಿದ ಮೇಲೆ ಸೇವೆಗೆ ನಿಂತರು. ಆ ಸೇವೆ ಯಾವ ಕ್ಷೇತ್ರದಲ್ಲಿ ಎಂಬುದರಲ್ಲಿ ಹೇಳಿಕೆಗಳು ಭಿನ್ನವಾಗಿವೆ. ಸ್ವಪ್ನದಲ್ಲಿ ದೊರೆತ ಸೂಚನೆ ಮಾತ್ರ ಒಂದೇ: ವಿಜಯದಾಸರಿಗೆ ಶರಣುಹೋಗಬೇಕು. ಆಚಾರ್ಯರು ಹೋದರು. ಆ ಕರುಣಾಳುಗಳು ಕೋಪವನ್ನಿಟ್ಟುಕೊಳ್ಳಲಿಲ್ಲ. ಆದರೆ ತಾವೇ ಪರಿಹರಿಸದೆ, ಉತ್ತನೂರಿನಲ್ಲಿದ್ದ ತಮ್ಮ ಶಿಷ್ಯ ಶ್ರೀಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ವಯಸ್ಸಿನಲ್ಲಿ ಕೆಲವೇ ವರ್ಷ ಹಿರಿಯರು, ಅವರೂ ಕನ್ನಡದ ಪದಕಾರರು. ಆ ದಾರಿಯನ್ನು ನಡೆಯುವಾಗ ಪಂಡಿತರ ಮನಸ್ಸು ಹೇಗಿದ್ದಿರಬೇಕು!

ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ ಜೋಳದ ರೊಟ್ಟಿಯನ್ನು ಪ್ರಸಾದವಾಗಿ ಕೊಟ್ಟರು, ಶೂಲೆ ಶಮನವಾಯಿತು. ಅಲ್ಪಾಯುವಾಗಿದ್ದ ಆಚಾರ್ಯರಿಗೆ ತಮ್ಮ ಆಯುಸ್ಸಿನಿಂದ 40 ವರ್ಷಗಳನ್ನು ಧಾರೆಯೆರೆದರೆಂದು ಸಂಪ್ರದಾಯ. ಗೋಪಾಲದಾಸರು 1762ರಲ್ಲಿ, ಸುಮಾರು ನಲವತ್ತರ ವಯಸ್ಸಿನಲ್ಲಿಯೇ ಹರಿಪುರವನ್ನು ಸೇರಿದರು.

ಮುಂದೆ ಪಂಢರಪುರದಲ್ಲಿ ಚಂದ್ರಭಾಗೆಯ ಸ್ನಾನಕ್ಕಿಳಿದಾಗ ಜಗನ್ನಾಥವಿಠಲನೆಂಬ ಅಂಕಿತ ಲಭಿಸಿತು. ಕಲಿತ ಶಾಸ್ತ್ರವನ್ನು ದಾಸರು ಕೈಬಿಡಲಿಲ್ಲ. ಒಮ್ಮೆ ಹಗುರವಾಗಿ ಕಂಡ ಕನ್ನಡದಲ್ಲಿಯೇ, ಭಾಮಿನೀ ಷಟ್ಪದಿಯ 32 ಸಂಧಿಗಳಲ್ಲಿ, ತತ್ತ್ವವಾದದ ಸಾರವನ್ನೆಲ್ಲ ಹೆಂಗಸರು ಮಕ್ಕಳಿಗೂ ಎಟಕುವಂತೆ ಇಳಿಸಿದರು. ಅದರಲ್ಲಿ ಭೋಜನರಸವಿಭಾಗ ಸಂಧಿಯೊಂದುಂಟು. ಅನ್ನ, ತುಪ್ಪ, ಹಾಲು ಮೊದಲಾದವುಗಳಲ್ಲಿ ಯಾವ ಯಾವ ಭಗವದ್ರೂಪಗಳು ನೆಲೆಸಿವೆಯೆಂದು ಅಲ್ಲಿ ನಿರೂಪಿತವಾಗಿದೆ. ಒಂದು ಪಂಕ್ತಿಯ ಊಟವನ್ನು ನಿರಾಕರಿಸಿದವರು ಇದನ್ನು ರಚಿಸಿದರೆಂಬುದನ್ನು ನೆನೆದು ಓದಿದರೆ, ಆ ಸಂಧಿಯ ಸವಿಯೇ ಬೇರೆ.

ದಾಸರು ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು, ಅಂದರೆ 1809ರಲ್ಲಿ, ಮಾನವಿಯಲ್ಲಿಯೇ ದೇಹವನ್ನು ತ್ಯಜಿಸಿದರು. ಅವರ ಮನೆಯ ಕಂಬದಲ್ಲಿ ಅವರ ಸನ್ನಿಧಾನವಿದೆಯೆಂಬ ಶ್ರದ್ಧೆಯಿಂದ ಭಕ್ತರು ಅದಕ್ಕೆ ಪೂಜೆ ಸಲ್ಲಿಸುತ್ತಾರೆ.

॥ ಶ್ರೀಕೃಷ್ಣಾರ್ಪಣಮಸ್ತು ॥