ತಿರುಳ್ಗನ್ನಡದ ತಿರುಕ ಉತ್ತಂಗಿ ಚನ್ನಪ್ಪ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಹತ್ತು ಮಂದಿಯನ್ನು ನಿಲ್ಲಿಸಿ ಸರ್ವಜ್ಞನ ಒಂದು ತ್ರಿಪದಿ ಹೇಳಿರೆಂದು ಕೇಳಿದರೆ ಐದಾರು ಮಂದಿಯಾದರೂ ಹೇಳಿಯಾರು. ಆ ವಚನಗಳನ್ನು ಶ್ರದ್ಧೆಯಿಂದ ಕೂಡಿಸಿ, ಸಂಪಾದಿಸಿ ಅಚ್ಚಿಗೆ ಕೊಟ್ಟವರು ಒಬ್ಬ ಕ್ರೈಸ್ತ ಪಾದ್ರಿ ಎಂಬುದನ್ನು ಬಲ್ಲವರು ಮಾತ್ರ ವಿರಳ. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪ.

1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಜನಿಸಿದ ಚನ್ನಪ್ಪನವರು ಬಾಸೆಲ್ ಮಿಶನ್ನಿನ ನೆರಳಿನಲ್ಲಿ ಬೆಳೆದವರು. ಮಂಗಳೂರಿನಲ್ಲಿ ದೈವಶಾಸ್ತ್ರ ಅಭ್ಯಾಸ ಮಾಡಿ ಉತ್ತರ ಕರ್ನಾಟಕದ ಊರುಗಳಲ್ಲಿ ಧರ್ಮೋಪದೇಶಕರಾಗಿ ದುಡಿದರು. ಬೈಬಲ್ ಹಿಡಿದು ಹೋದ ಹಳ್ಳಿಗಳಲ್ಲಿ ಅವರ ಕಿವಿಗೆ ಬಿದ್ದದ್ದು ಸರ್ವಜ್ಞನ ನುಡಿ. ಉಪದೇಶ ಹೇಳಲು ಹೋದವರು ಕೇಳುತ್ತ ಕುಳಿತರು.

ಸರ್ವಜ್ಞನದು ತಿರುಕನ ಬಾಳು. ಚನ್ನಪ್ಪನವರೂ ಒಂದು ಬಗೆಯಲ್ಲಿ ತಿರಿದರು. ಜನರ ನಾಲಗೆಯಿಂದ, ಓಲೆಗರಿಯಿಂದ, ಸಿಕ್ಕಸಿಕ್ಕ ಕೈಬರಹಗಳಿಂದ ತ್ರಿಪದಿಗಳನ್ನು ಬೇಡಿ ತಂದರು. ಯಾವುದು ಸರ್ವಜ್ಞನದು, ಯಾವುದು ಅವನ ಹೆಸರಿಗೆ ಅಂಟಿಕೊಂಡದ್ದು ಎಂದು ಬೇರ್ಪಡಿಸುವುದು ಸುಲಭದ ಕೆಲಸವೇನಲ್ಲ. ವರ್ಷಗಟ್ಟಲೆ ನಡೆದ ಈ ದುಡಿಮೆಯ ಫಲವಾಗಿ 1924ರಲ್ಲಿ ಸುಮಾರು 2,000 ವಚನಗಳ ಸಂಗ್ರಹ ಹೊರಬಂತು. ತಮ್ಮನ್ನು ಅವರು ತಿರುಳ್ಗನ್ನಡದ ತಿರುಕನೆಂದು ಕರೆದುಕೊಂಡದ್ದು ಬರಿಯ ವಿನಯದ ಮಾತಲ್ಲ.

ಪಾದ್ರಿಗೇಕೆ ಈ ಉಸಾಬರಿ ಎಂಬ ಪ್ರಶ್ನೆ ಏಳದಿರದು. ಇದಕ್ಕೂ ಮೊದಲೇ, 1921ರಲ್ಲಿ, ಅವರು ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಕೃತಿ ಬರೆದಿದ್ದರು. ಹೆಸರನ್ನು ಗಮನಿಸಬೇಕು: ವಿನಂತಿಯೇ ಹೊರತು ಆಜ್ಞೆಯಲ್ಲ. ಕ್ರಿಸ್ತನಲ್ಲಿನ ನಿಷ್ಠೆಯನ್ನು ಅವರು ಸಡಿಲಿಸಲಿಲ್ಲ. ಆದರೆ ದೇವರ ಅನುಭವ ಒಂದೇ ಮತದ ಸೊತ್ತೆಂದು ನಂಬಲೂ ಇಲ್ಲ. ಇಂಥವರ ಪಾಡು ಎರಡು ದಡಕ್ಕೂ ಸಲ್ಲದ ದೋಣಿಯದು. ಇತ್ತ ಸಭೆಗೆ ಅನುಮಾನ, ಅತ್ತ ಮತಾಂತರದ ಶಂಕೆ. ಚನ್ನಪ್ಪನವರು ವಾದಕ್ಕಿಂತ ಕೆಲಸದಿಂದ ಇದಕ್ಕೆ ಉತ್ತರ ಕೊಟ್ಟರೆಂದೇ ಹೇಳಬೇಕು.

ಶರಣರ ಅನುಭಾವದತ್ತ ಅವರ ಒಲವು ವಯಸ್ಸಿನೊಡನೆ ಹೆಚ್ಚಿತು. ಮೋಳಿಗೆ ಮಾರಯ್ಯ, ರಾಣಿ ಮಹಾದೇವಿಯರ ವಚನಗಳನ್ನು ಸಂಪಾದಿಸಿದರು. ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿದರು. ಕಲ್ಯಾಣದ ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ವಿವಾದ ಎದ್ದಾಗ ಅದರ ಐತಿಹಾಸಿಕತೆಯ ಪರವಾಗಿ ಗ್ರಂಥವನ್ನೇ ಬರೆದರು. ಬಸವಣ್ಣನ ಮಂಟಪಕ್ಕಾಗಿ ಯೇಸುವಿನ ಸೇವಕನೊಬ್ಬ ವಕಾಲತ್ತು ವಹಿಸಿದ ಈ ಪ್ರಸಂಗಕ್ಕೆ ಕನ್ನಡದಲ್ಲಿ ಹೋಲಿಕೆ ಸಿಗುವುದು ಕಷ್ಟ.

1949ರಲ್ಲಿ ಕಲಬುರಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಿಜಾಮನ ಆಡಳಿತ ಆಗಷ್ಟೇ ಕೊನೆಗೊಂಡಿತ್ತು. ರಜಾಕಾರರ ಹಾವಳಿಯಿಂದ ನೊಂದ ಆ ನೆಲದಲ್ಲಿ, ಮತದ ಹೆಸರಿನ ಗಾಯ ಇನ್ನೂ ಹಸಿಯಾಗಿದ್ದಾಗ, ಕನ್ನಡಿಗರು ಪೀಠದ ಮೇಲೆ ಕೂರಿಸಿದ್ದು ಸರ್ವಜ್ಞನನ್ನು ಬಲ್ಲ ಈ ಪಾದ್ರಿಯನ್ನು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಸಮ್ಮೇಳನಾಧ್ಯಕ್ಷರ ಪರಂಪರೆಯಲ್ಲಿ ಈ ಹೆಸರಿಗೆ ಬೇರೆಯದೇ ತೂಕವಿದೆ.

1962ರ ಆಗಸ್ಟ್ 28ರಂದು ಚನ್ನಪ್ಪನವರು ತೀರಿಕೊಂಡರು. 2009ರಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡವು. ಗಡಿಯಾಚೆಗೆ ಹೋದ ಆ ತಿರುಕನ ಜೋಳಿಗೆಯಲ್ಲಿ ಧಾರವಾಡದ ಈ ತಿರುಕ ತಿರಿದು ತಂದದ್ದೂ ಸಾಕಷ್ಟಿತ್ತು.