ಚಿತ್ರಗಾರರ ಮನೆಯಿಂದ ಬಂದ ಕೆ. ವೆಂಕಟಪ್ಪ

ನೀಲಗಿರಿಯ ಮಂಜನ್ನೂ ಮಳೆಮೋಡವನ್ನೂ ಬಾಲ್ಯದಿಂದ ಕಂಡು ಬೆಳೆದವರು ನಾವು. ಅವನ್ನೇ ಜಲವರ್ಣದಲ್ಲಿ ಹಿಡಿದಿಟ್ಟ ಕನ್ನಡನಾಡಿನ ಹಿರಿಯ ಕಲಾವಿದರನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ಅಂತಹ ಮನೆಗಳಲ್ಲಿ ಕಸುಬೇ ಪಾಠ. ಬಣ್ಣ ಅರೆಯುವುದು, ಅಳಿಲಿನ ಕೂದಲಿನ ಕುಂಚದಿಂದ ಎಳೆಯಷ್ಟು ತೆಳುವಾದ ಗೆರೆ ಎಳೆಯುವುದು, ಸಫೇದ ಮತ್ತು ಅಂಟು ಬೆರೆಸಿದ ಲೇಪವನ್ನು ಉಬ್ಬುವಂತೆ ಹಚ್ಚಿ ಅದರ ಮೇಲೆ ಚಿನ್ನದ ರೇಕನ್ನು ಒತ್ತುವುದು, ಇವೆಲ್ಲ ಮೈಸೂರು ಸಂಪ್ರದಾಯದ ಕೈಕೆಲಸಗಳು. ಅವಸರಕ್ಕೆ ಅಲ್ಲಿ ಎಡೆಯೇ ಇಲ್ಲ.

1909ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಅವರು ಕಲ್ಕತ್ತೆಗೆ ತೆರಳಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸರು ಅವರ ಸಹಪಾಠಿಗಳು. ಬಂಗಾಳದ ಆ ಪಂಥ ತೇವದ ಬಣ್ಣಗಳನ್ನು ಒಂದರೊಳಗೊಂದು ಕರಗಿಸುವುದನ್ನು ಕಲಿಸಿತು. ಆದರೆ ಗುರುಗಳ ಚಿತ್ರಗಳ ಮಬ್ಬಿನಲ್ಲಿ ವೆಂಕಟಪ್ಪನವರ ಗೆರೆ ಕಳೆದುಹೋಗಲಿಲ್ಲ. ಮನೆಯಲ್ಲಿ ಪಳಗಿದ ಕೈ ಅದನ್ನು ಬಿಟ್ಟುಕೊಡಲಿಲ್ಲವೆಂದೇ ನಮ್ಮ ತಿಳಿವಳಿಕೆ. ದಂತದ ಮೇಲೆ ಅವರು ಬರೆದ ಕಿರುಚಿತ್ರಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಮುಂದೆ ಮೈಸೂರು ಅರಮನೆಗಾಗಿ ಗಾರೆಯಲ್ಲಿ ರೂಪಿಸಿದ ಉಬ್ಬುಶಿಲ್ಪಗಳಲ್ಲಿಯೂ ಹಳೆಯ ಉಬ್ಬು ಲೇಪದ ನೆನಪು ನಮಗೆ ಕಾಣುತ್ತದೆ.

ಊರಿಗೆ ಮರಳಿದ ಮೇಲೆ ಅವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಆ ಮೋಹವನ್ನೇ ವಸ್ತುವಾಗಿಸಿ ತಮ್ಮನ್ನು ತಾವೇ ಗೇಲಿ ಮಾಡಿಕೊಂಡಂತಹ ಚಿತ್ರವೊಂದನ್ನೂ ಬರೆದರು. ಮದುವೆಯಾಗಲಿಲ್ಲ. ಕಲೆಗೆ ಬೆಲೆ ಕಟ್ಟುವ ವಿಷಯದಲ್ಲಿ ಯಾರ ಮಾತಿಗೂ ಮಣಿಯುವವರಲ್ಲ. 1940ರಲ್ಲಿ ಅರಸರು ಕಾಲವಾದ ನಂತರ ಅರಮನೆಯ ಕೆಲಸ ನಿಂತಿತು. ತಮಗೆ ಸಲ್ಲಬೇಕಾದುದಕ್ಕಾಗಿ ಅವರು ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು. ಆ ವ್ಯಾಜ್ಯ ಅವರ ಕುಂಚವನ್ನು ಬಹುಮಟ್ಟಿಗೆ ಮೌನವಾಗಿಸಿತು. ನಾಡು ಕಳೆದುಕೊಂಡದ್ದು ಅಲ್ಪವಲ್ಲ.

ಊಟಿಯ ಚಿತ್ರಗಳು ಅದಕ್ಕೆ ಮುಂಚಿನವು, 1926ರ ಸುಮಾರಿನಲ್ಲಿ ಮೊದಲಾದವು. ಮುಂಗಾರಿನ ಮೋಡ ಒಡೆಯುವ ಗಳಿಗೆ, ಬೆಳದಿಂಗಳು, ಸೂರ್ಯೋದಯ. ಇಲ್ಲಿ ಚಿನ್ನದ ರೇಕಿಲ್ಲ, ದೇವರಿಲ್ಲ, ಅರಸರಿಲ್ಲ. ಬೆಟ್ಟದ ಮೇಲಿನ ಬೆಳಕನ್ನು ಮಾತ್ರ, ಹಿಂದೆ ದೇವರ ಒಡವೆಗೆ ಹೊಳಪು ತರುತ್ತಿದ್ದ ತಾಳ್ಮೆಯಿಂದಲೇ ತೀಡಲಾಗಿದೆ. 1965ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಪೋಷಕರು ಊಟಿಯ ಚಿತ್ರಗಳ ಮುಂದೆ ತುಸು ಹೊತ್ತು ನಿಲ್ಲಬೇಕೆಂದು ಕೋರುತ್ತೇವೆ.